ಎನ್‌ಜಿಸ್ಪೈಸ್‌ನಲ್ಲಿ ಅರ್ಧತರಂಗ ರೆಕ್ಟಿಫೈಯರ್: ನನ್ನ ಅನುಭವ

ಕಾರವಾರದಲ್ಲಿ ಡಿಪ್ಲೊಮಾ ಓದುವ ವಿದ್ಯಾರ್ಥಿಗಳಿಗೆ ಪವರ್ ಎಲೆಕ್ಟ್ರಾನಿಕ್ಸ್ ಪ್ರಯೋಗಗಳನ್ನು ಮಾಡಿಸುವುದು ನನ್ನ ಕೆಲಸ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ ಬೆಂಚಿನ ಮೇಲಿನ ಪ್ರಯೋಗ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುವ, ಉಚಿತವಾಗಿ ಸಿಗುವ, ಸರ್ಕ್ಯೂಟಿನ ವರ್ತನೆಯನ್ನು ಕಂಪ್ಯೂಟರಿನಲ್ಲೇ ಲೆಕ್ಕಹಾಕಿ ತೋರಿಸುವ (ಸಿಮ್ಯುಲೇಶನ್) ಎನ್‌ಜಿಸ್ಪೈಸ್ ತಂತ್ರಾಂಶವನ್ನು ಆರಿಸಿಕೊಂಡೆ.

ಅರ್ಧತರಂಗ ರೆಕ್ಟಿಫೈಯರ್ ಎಂದರೆ ಎಸಿ ತರಂಗದ ಒಂದು ಅರ್ಧವನ್ನಷ್ಟೇ ಲೋಡಿಗೆ ಬಿಡುವ ಸರ್ಕ್ಯೂಟು. ಮೊದಲು ಬರಿಯ ಡಯೋಡ್ ಮತ್ತು ಲೋಡಾಗಿ 10 ಓಮ್ ರೆಸಿಸ್ಟರ್. ಮನೆಯ 230 ವೋಲ್ಟ್ ಎಂಬುದು ಆರ್‌ಎಂಎಸ್ (ಪರಿಣಾಮಕಾರಿ) ಮೌಲ್ಯ. ತಂತ್ರಾಂಶದ ಸೈನ್ ವೋಲ್ಟೇಜ್ ಮೂಲಕ್ಕೆ ಕೊಡಬೇಕಾದದ್ದು ಗರಿಷ್ಠ ಮೌಲ್ಯ, ಅಂದರೆ ಅದರ √2 ಪಟ್ಟು, 325.27. ಅದನ್ನು ಪೈನಿಂದ ಭಾಗಿಸಿದರೆ ಸರಾಸರಿ 103.5 ವೋಲ್ಟ್. ಸಿಮ್ಯುಲೇಶನ್ ತೋರಿಸುವುದು ಇದಕ್ಕಿಂತ ಸುಮಾರು ಅರ್ಧ ವೋಲ್ಟ್ ಕಡಿಮೆ. ಡಯೋಡಿನಲ್ಲಿ ಒಂದು ವೋಲ್ಟಿಗೆ ತುಸು ಕಡಿಮೆ ಇಳಿಯುತ್ತದೆ, ಅದೂ ಅರ್ಧ ಆವರ್ತನದಲ್ಲಿ ಮಾತ್ರ. ಈ ಕಾರಣವನ್ನು ವಿದ್ಯಾರ್ಥಿಯೇ ಹೇಳುವವರೆಗೆ ನಾನು ಮುಂದಿನ ಸರ್ಕ್ಯೂಟಿಗೆ ಹೋಗಗೊಡುವುದಿಲ್ಲ.

ನಿಜವಾದ ಕೆಲಸ ಇರುವುದು ನಿಯಂತ್ರಿತ ಸರ್ಕ್ಯೂಟಿನಲ್ಲಿ. ಅಲ್ಲಿ ಬೇಕಾದದ್ದು ಎಸ್‌ಸಿಆರ್, ಅಂದರೆ ಗೇಟ್ ಎಂಬ ತುದಿಗೆ ಪಲ್ಸ್ ಕೊಟ್ಟಾಗ ಆನ್ ಆಗುವ ಡಯೋಡಿನಂಥ ಘಟಕ. ಎನ್‌ಜಿಸ್ಪೈಸ್‌ನ ಮೂಲ ಘಟಕಗಳಲ್ಲಿ ಅದು ಇಲ್ಲ. ಎರಡು ಟ್ರಾನ್ಸಿಸ್ಟರ್‌ಗಳನ್ನು ಜೋಡಿಸಿ ಅದನ್ನು ಕಟ್ಟಬಹುದು. ಆದರೆ ಫೈರಿಂಗ್ ಕೋನದ (ಆವರ್ತನದ ಯಾವ ಕೋನದಲ್ಲಿ ಆನ್ ಮಾಡುತ್ತೇವೆ ಎಂಬುದರ) ಪರಿಣಾಮವಷ್ಟೇ ಕಾಣಬೇಕಾದಾಗ ವೋಲ್ಟೇಜಿನಿಂದ ನಿಯಂತ್ರಿಸುವ ಒಂದು ಸ್ವಿಚ್ಚನ್ನು ಡಯೋಡಿನ ಜೊತೆ ಸರಣಿಯಲ್ಲಿ ಇಡುವುದೇ ಸುಲಭ. ಎಸ್‌ಸಿಆರ್ ಒಮ್ಮೆ ಆನ್ ಆಗಿ ಅದೇ ಸ್ಥಿತಿಯಲ್ಲಿ ಹಿಡಿದುಕೊಂಡ (ಲ್ಯಾಚಾದ) ಮೇಲೆ ಗೇಟ್ ಪಲ್ಸ್ ಹೋದರೂ, ಕರೆಂಟು ಶೂನ್ಯಕ್ಕೆ ಬರುವವರೆಗೆ ನಡೆಸುತ್ತಲೇ ಇರುತ್ತದೆ. ಸ್ವಿಚ್ಚಿಗೆ ಈ ಗುಣ ಇಲ್ಲ. ಹಾಗಾಗಿ ಗೇಟಿಗೆ ಕೊಡುವ ಚಿಕ್ಕ ಪಲ್ಸನ್ನೇ ಸ್ವಿಚ್ಚಿಗೂ ಕೊಟ್ಟರೆ, ಇಂಡಕ್ಟರ್ ಇರುವ ಲೋಡಿನಲ್ಲಿ ಹರಿಯುತ್ತಿರುವ ಕರೆಂಟು ನಡುವೆಯೇ ಕಡಿದು, ಪರದೆಯ ಮೇಲೆ ಸಾವಿರಾರು ವೋಲ್ಟಿನ ಮುಳ್ಳೊಂದು ಏಳುತ್ತದೆ. 60 ಡಿಗ್ರಿ ಕೋನಕ್ಕೆ ನಾನು ಇಡುವ ಪಲ್ಸ್ 3.333 ಮಿಲಿಸೆಕೆಂಡಿಗೆ ಆರಂಭವಾಗಿ 16 ಮಿಲಿಸೆಕೆಂಡ್ ಉಳಿದು, ಪ್ರತಿ ಆವರ್ತನಕ್ಕೆ, ಅಂದರೆ 20 ಮಿಲಿಸೆಕೆಂಡಿಗೊಮ್ಮೆ ಮರಳುತ್ತದೆ. ಅಷ್ಟರೊಳಗೆ ಕರೆಂಟನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಹೊಣೆ ಡಯೋಡಿನದು.

ಸ್ವಿಚ್ಚಿನ ಮಾದರಿಯನ್ನು ಇದ್ದಂತೆಯೇ ಬಿಟ್ಟರೆ ಅದರ ಆನ್ ರೋಧ 1 ಓಮ್. 10 ಓಮ್ ಲೋಡಿನಲ್ಲಿ ಇದು ಸುಮಾರು ಒಂಬತ್ತು ಶೇಕಡಾ ವೋಲ್ಟೇಜನ್ನು ತಿಂದುಹಾಕುತ್ತದೆ. ನಾನು 1 ಮಿಲಿಓಮ್ ಕೊಡುತ್ತೇನೆ. ಆಫ್ ರೋಧವನ್ನು ಬರೆಯುವಾಗ ಬರಿಯ 'ಎಂ' ಅಕ್ಷರ ಸಾಲದು, ಸ್ಪೈಸ್ ಭಾಷೆಯಲ್ಲಿ ಅದು ದೊಡ್ಡಕ್ಷರವಾದರೂ ಮಿಲಿ ಎಂದೇ ಅರ್ಥ. ಮೆಗಾಓಮ್ ಬೇಕಾದರೆ 'ಮೆಗ್' ಎಂದೇ ಬರೆಯಬೇಕು. ಸಮಯದ ಹೆಜ್ಜೆ 10 ಮೈಕ್ರೊಸೆಕೆಂಡ್ ಇಟ್ಟರೆ ಒಂದು ಡಿಗ್ರಿಯ ಐದನೇ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ತರಂಗ ಕಾಣುತ್ತದೆ, ಅಷ್ಟು ಸಾಕು. ರೆಸಿಸ್ಟರ್ ಲೋಡಿಗೆ ಲೆಕ್ಕದ ಸರಾಸರಿ 60 ಡಿಗ್ರಿಗೆ 77.7, 90 ಡಿಗ್ರಿಗೆ 51.8 ವೋಲ್ಟ್, ಡಯೋಡಿನ ಇಳಿಕೆ ಬಿಟ್ಟರೆ ಸಿಮ್ಯುಲೇಶನ್ನೂ ಅದನ್ನೇ ಕೊಡುತ್ತದೆ.

ಮತ್ತೆ ಬರಿಯ ಡಯೋಡಿಗೆ ಮರಳಿ, ರೆಸಿಸ್ಟರಿನ ಜೊತೆ 50 ಮಿಲಿಹೆನ್ರಿ ಇಂಡಕ್ಟರ್ ಸೇರಿಸಿದಾಗ ಅಂಕೋಲಾ ಕಡೆಯ ಹುಡುಗಿಯೊಬ್ಬಳು, "ಸರ್, ಡಯೋಡ್ ಇದ್ದೂ ಲೋಡಿನ ವೋಲ್ಟೇಜ್ ಮೈನಸ್ ಯಾಕೆ ಹೋಗ್ತದೆ?" ಎಂದು ಕೇಳಿದಳು. ಈ ಇಡೀ ಪ್ರಯೋಗದ ತಿರುಳೇ ಆ ಪ್ರಶ್ನೆ. ಡಯೋಡ್ ತಡೆಯುವುದು ಹಿಮ್ಮುಖ ಕರೆಂಟನ್ನು. ಇಂಡಕ್ಟರಿನಲ್ಲಿ ಕೂಡಿದ ಶಕ್ತಿ ಕರೆಂಟನ್ನು ಮುಂದಕ್ಕೇ ತಳ್ಳುತ್ತಿರುವವರೆಗೆ ಡಯೋಡ್ ಕರೆಂಟನ್ನು ಬಿಡುತ್ತಲೇ ಇರುತ್ತದೆ, ಮೂಲದ ಋಣ ವೋಲ್ಟೇಜು ಲೋಡಿನ ಮೇಲೆ ಬೀಳುತ್ತದೆ. ಈ ಮೌಲ್ಯಗಳಿಗೆ ಕರೆಂಟು ನಿಲ್ಲುವುದು 180 ಡಿಗ್ರಿಗಲ್ಲ, ಸುಮಾರು 241 ಡಿಗ್ರಿಗೆ, ಅಂದರೆ 13.4 ಮಿಲಿಸೆಕೆಂಡಿಗೆ. ಸರಾಸರಿ 103.5ರಿಂದ 77 ವೋಲ್ಟಿಗೆ ಇಳಿಯುತ್ತದೆ. ಪೂರ್ಣ ಆವರ್ತನದಲ್ಲಿ ಇಂಡಕ್ಟರಿನ ಸರಾಸರಿ ವೋಲ್ಟೇಜ್ ಶೂನ್ಯವಾದ್ದರಿಂದ ಸರಾಸರಿ ಕರೆಂಟು 7.7 ಆಂಪಿಯರ್ ಆಗಲೇಬೇಕು. ಆಗದಿದ್ದರೆ ನೆಟ್‌ಲಿಸ್ಟಿನಲ್ಲಿ (ತಂತ್ರಾಂಶಕ್ಕೆ ಬರೆದುಕೊಡುವ ಸರ್ಕ್ಯೂಟಿನ ವಿವರದಲ್ಲಿ) ಏನೋ ತಪ್ಪಿದೆ ಎಂದು ತಿಳಿಯಬೇಕು.

ಲೋಡಿಗೆ ಅಡ್ಡಲಾಗಿ ಫ್ರೀವೀಲಿಂಗ್ ಡಯೋಡ್ (ಇಂಡಕ್ಟರಿನ ಕರೆಂಟು ಲೋಡಿನಲ್ಲೇ ಸುತ್ತಲು ದಾರಿ ಕೊಡುವ ಇನ್ನೊಂದು ಡಯೋಡ್) ಹಾಕಿದರೆ ಆ ಋಣ ಭಾಗ ಹೋಗಿ ಸರಾಸರಿ ಮತ್ತೆ 103 ವೋಲ್ಟಿನ ಆಸುಪಾಸಿಗೆ ಏರುತ್ತದೆ. ಆದರೆ ಇಲ್ಲಿ ಕರೆಂಟು ಎಷ್ಟು ಬೇಗ ಇಳಿಯುತ್ತದೆ ಎಂದು ಹೇಳುವ ಕಾಲಸ್ಥಿರಾಂಕ (ಇಂಡಕ್ಟನ್ಸ್ ಭಾಗಿಸು ರೋಧ) 5 ಮಿಲಿಸೆಕೆಂಡ್. ಋಣ ಅರ್ಧಾವರ್ತನದ 10 ಮಿಲಿಸೆಕೆಂಡಿನ ಕೊನೆಗೂ ಕರೆಂಟಿನ ಸುಮಾರು 13 ಶೇಕಡಾ ಉಳಿದು ಮುಂದಿನ ಆವರ್ತನಕ್ಕೆ ದಾಟುತ್ತದೆ. ಆದ್ದರಿಂದ ಈ ಸರ್ಕ್ಯೂಟಿನಲ್ಲಿ ಮೊದಲ ಆವರ್ತನಗಳನ್ನು ಬಿಟ್ಟು, 60ರಿಂದ 100 ಮಿಲಿಸೆಕೆಂಡಿನವರೆಗಿನ ಎರಡು ಪೂರ್ಣ ಆವರ್ತನಗಳ ಮೇಲೆಯೇ ಸರಾಸರಿ ಅಳೆಯಬೇಕು.