ಹೇರ್‌ಸ್ಪ್ರೇ ಮೇಲಿನ ಬಣ್ಣ ಏಳದಿದ್ದಾಗ

1:24 ಮಾಡೆಲ್ ಕಾರಿನಲ್ಲಿ ಬಣ್ಣ ಚಕ್ಕೆಯೆದ್ದು ತುಕ್ಕು ಕಾಣಬೇಕಿತ್ತು. ಅದಕ್ಕೆ ತುಕ್ಕಿನ ಬಣ್ಣದ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಕಾರಿನ ಬಣ್ಣ; ನೀರು ಸವರಿದರೆ ಹೇರ್‌ಸ್ಪ್ರೇ ಕರಗಿ ಮೇಲಿನ ಬಣ್ಣ ಏಳಬೇಕು. ಎಷ್ಟು ಉಜ್ಜಿದರೂ ಮೇಲಿನ ಬಣ್ಣ ಕದಲಲಿಲ್ಲ. ಕಾರಣ ಥಿನ್ನರ್, ಅಂದರೆ ಬಣ್ಣ ತೆಳುಮಾಡುವ ದ್ರವ. ಟಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣವನ್ನು ಲ್ಯಾಕರ್ ಥಿನ್ನರ್‌ನಲ್ಲಿ ತೆಳುಮಾಡಿದರೆ ಅದು ಹೇರ್‌ಸ್ಪ್ರೇ ಪದರವನ್ನು ಕರಗಿಸಿ ಕೆಳಗಿನ ಬಣ್ಣಕ್ಕೇ ಕಚ್ಚಿಕೊಳ್ಳುತ್ತದೆ. ನೀರು ಬೆರೆಸಿದಾಗ ಸರಿಹೋಯಿತು.

ಮೊದಲು ತುಕ್ಕಿಗೆ ಟಮಿಯಾದ ಎಕ್ಸ್‌ಎಫ್-64 ಕೆಂಗಂದು, ಅಲ್ಲಲ್ಲಿ ಎಕ್ಸ್‌ಎಫ್-9 ಹಲ್ ರೆಡ್ (ಮಂಕು ಕೆಂಪು) ಚುಕ್ಕೆ. ಇದರ ಮೇಲೆ ಲ್ಯಾಕರ್ ಕ್ಲಿಯರ್ (ಬಣ್ಣವಿಲ್ಲದ ರಕ್ಷಣಾ ಪದರ) ಹೊಡೆದು ಒಂದು ದಿನ ಒಣಗಿಸಿ. ಇದನ್ನು ಬಿಟ್ಟರೆ ಉಜ್ಜುವಾಗ ತುಕ್ಕಿನ ಪದರವೂ ಹೋಗಿ ಪ್ಲಾಸ್ಟಿಕ್ ಇಣುಕುತ್ತದೆ. ಆಮೇಲೆ ಹೇರ್‌ಸ್ಪ್ರೇ, ತೆಳುವಾಗಿ ಎರಡು ಸಲ. ದಪ್ಪವಾದರೆ ಬಣ್ಣ ಹಾಳೆಹಾಳೆಯಾಗಿ ಕಿತ್ತು ಬರುತ್ತದೆ. ಮೇಲಿನ ಬಣ್ಣಕ್ಕೆ ಸಮಪಾಲು ನೀರು, ಏರ್‌ಬ್ರಷ್‌ನಲ್ಲಿ ಮಂಜಿನಷ್ಟು ತೆಳು ಪದರಗಳು.

ಮುಟ್ಟಿದರೆ ಅಂಟದಷ್ಟು ಒಣಗಿದ ಕೂಡಲೇ, ಸುಮಾರು ಅರ್ಧ ಗಂಟೆಯೊಳಗೆ, ಕೆಲಸ ಶುರುಮಾಡಿ. ರಾತ್ರಿಯಿಡೀ ಬಿಟ್ಟರೆ ಬಣ್ಣ ಗಟ್ಟಿಯಾಗುತ್ತದೆ. ಉಗುರುಬೆಚ್ಚಗಿನ ನೀರು ಸವರಿ ಒಂದು ನಿಮಿಷ ಕಾದು, ಕತ್ತರಿಸಿದ ಗಿಡ್ಡ ಬ್ರಷ್‌ನಿಂದ ಕುಟ್ಟಿ. ಚೂಪು ಗೀರಿಗೆ ಟೂತ್‌ಪಿಕ್.

ತುಕ್ಕು ಬಾಗಿಲ ಕೆಳಅಂಚು, ಚಕ್ರದ ಕಮಾನು, ನೀರು ನಿಲ್ಲುವ ಸಂದಿಗಳಲ್ಲಿರಲಿ. ಚಾವಣಿಯ ನಡುವೆ ಎಬ್ಬಿಸಿದರೆ ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ. ಕೊನೆಗೆ ಟಮಿಯಾದ ಟಿಎಸ್-80 ಮ್ಯಾಟ್ (ಹೊಳಪಿಲ್ಲದ) ಕ್ಲಿಯರ್ ಸ್ಪ್ರೇ ಹೊಡೆಯಿರಿ. ಅದಿಲ್ಲದೆ ನೀರಿನ ವಾಶ್ (ಸಂದಿಗಳಿಗೆ ಹರಿಸುವ ತೀರಾ ತೆಳು ಬಣ್ಣ) ಹಚ್ಚಿದರೆ ಉಳಿದ ಬಣ್ಣವೂ ಏಳುತ್ತದೆ.