ಮನೆಯಲ್ಲೇ ಹೆಡ್-ಅಪ್ ಡಿಸ್‌ಪ್ಲೇ: ಒಂದು ಲೆನ್ಸ್, ಒಂದು ಪುಟ್ಟ ಸ್ಕ್ರೀನ್ ಸಾಕು

ಮೊಬೈಲನ್ನು ಡ್ಯಾಶ್‌ಬೋರ್ಡ್ ಮೇಲೆ ಮಲಗಿಸಿದರೆ ಮುಂದಿನ ಗಾಜಿನಲ್ಲಿ ವೇಗದ ಅಂಕಿ ತೋರಿಸುವ ಆ್ಯಪ್‌ಗಳಿವೆ. ನೋಡಲು ಚೆನ್ನಾಗಿರುತ್ತದೆ, ಆದರೆ ಅದು ಬರೀ ಪ್ರತಿಫಲನ. ಅಂಕಿ ಕಾಣುವುದು ಹೆಚ್ಚೆಂದರೆ ಒಂದು ಮೀಟರ್ ಆಸುಪಾಸಿನಲ್ಲಿ, ರಸ್ತೆ ಇರುವುದು ಎಷ್ಟೋ ದೂರದಲ್ಲಿ. ಹಾಗಾಗಿ ಕಣ್ಣು ಪ್ರತಿ ಸಲ ಹತ್ತಿರಕ್ಕೆ ಬಂದು ಮತ್ತೆ ದೂರಕ್ಕೆ ಹೋಗಬೇಕು. ನಿಜವಾದ ಹೆಡ್-ಅಪ್ ಡಿಸ್‌ಪ್ಲೇಯಲ್ಲಿ, ಅಂದರೆ ತಲೆ ತಗ್ಗಿಸದೆ ಎದುರಿನ ನೋಟದ ಮೇಲೇ ಮಾಹಿತಿ ತೋರಿಸುವ ಸಾಧನದಲ್ಲಿ, ಅಂಕಿಯೂ ದೂರದಲ್ಲೇ ಇರುವಂತೆ ಕಾಣುತ್ತದೆ. ಅದನ್ನು ಮಾಡುವುದು ಲೆನ್ಸ್.

ಡಬ್ಲಿನ್‌ನಲ್ಲಿ ದೂರದರ್ಶಕ ತಯಾರಿಸುತ್ತಿದ್ದ ಹೋವರ್ಡ್ ಗ್ರಬ್ 1900ರಲ್ಲೇ ಬಂದೂಕಿನ ಗುರಿಗಾಗಿ ಈ ಉಪಾಯಕ್ಕೆ ಪೇಟೆಂಟ್ ಪಡೆದರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನಕ್ಕೆ ಚಂಡೀಗಢದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಒ ರೂಪಿಸಿದ ಡಿಸ್‌ಪ್ಲೇಯ ಮೂಲವೂ ಇದೇ. ನಾವು ಇದನ್ನು ಪ್ಲಂಬಿಂಗ್ ಪೈಪಿನಲ್ಲಿ ಮಾಡೋಣ.

ಸಾಮಾನು

75 ಮಿಮೀ ಅಗಲದ ಭೂತಗನ್ನಡಿ, ಹಿಡಿ ತೆಗೆದದ್ದು. ಅದರ ಫೋಕಲ್ ಲೆಂತ್, ಅಂದರೆ ಶಾಲೆಯಲ್ಲಿ ಓದಿದ ಸಂಗಮದೂರ, 200 ಮಿಮೀ ಆಸುಪಾಸಿನಲ್ಲಿರಲಿ. 0.96 ಇಂಚಿನ ಓಎಲ್‌ಇಡಿ ಮಾಡ್ಯೂಲ್ (ಪ್ರತಿ ಚುಕ್ಕಿಯೂ ತಾನೇ ಬೆಳಗುವ ಪುಟ್ಟ ಸ್ಕ್ರೀನ್), ಅದನ್ನು ನಡೆಸಲು ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಪ್ರೋಗ್ರಾಮ್ ಬೋರ್ಡ್, 75 ಮಿಮೀ ಪಿವಿಸಿ ಪೈಪು ಒಂದಡಿ, ಅದಕ್ಕೊಂದು ಕಪ್ಲರ್ (ಪೈಪು ಜೋಡಿಸುವ ತುಂಡು), ಕಪ್ಪು ಚಾರ್ಟ್ ಪೇಪರ್, 2 ಮಿಮೀ ದಪ್ಪದ ಪಾರದರ್ಶಕ ಅಕ್ರಿಲಿಕ್ ಹಾಳೆ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಸಾಮಾನೆಲ್ಲ ಎಸ್‌.ಪಿ. ರೋಡಿನಲ್ಲೇ ಸಿಗುತ್ತದೆ. ಅಕ್ರಿಲಿಕ್ ಸಿಗದಿದ್ದರೆ ಹಳೆಯ ಸಿಡಿ ಡಬ್ಬಿಯ ಮುಚ್ಚಳವೂ ಆಗುತ್ತದೆ.

ಓಎಲ್‌ಇಡಿಯೇ ಯಾಕೆ? ಎಲ್‌ಸಿಡಿಯಲ್ಲಿ ಕಪ್ಪು ಜಾಗದಿಂದಲೂ ಹಿಂದಿನ ಬೆಳಕು ಸೋರುತ್ತದೆ, ಕತ್ತಲಲ್ಲಿ ಅಂಕಿಯ ಸುತ್ತ ಒಂದು ಬೂದು ಚೌಕ ತೇಲುತ್ತಿರುತ್ತದೆ. ಓಎಲ್‌ಇಡಿಯಲ್ಲಿ ಕಪ್ಪು ಅಂದರೆ ಪೂರ್ತಿ ಆರಿದ ಚುಕ್ಕಿ.

ಮೊದಲು ಲೆನ್ಸ್ ಅಳೆಯಿರಿ

ಕಿಟಕಿಯ ಎದುರಿನ ಗೋಡೆಯ ಹತ್ತಿರ ಲೆನ್ಸ್ ಹಿಡಿದು ಹಿಂದೆ ಮುಂದೆ ಸರಿಸಿ. ಹೊರಗಿನ ಮರ ಗೋಡೆಯ ಮೇಲೆ ತಲೆಕೆಳಗಾಗಿ ಸ್ಪಷ್ಟವಾಗಿ ಮೂಡಿದಾಗ ಲೆನ್ಸ್‌ನಿಂದ ಗೋಡೆಗಿರುವ ದೂರವೇ ಫೋಕಲ್ ಲೆಂತ್. ಅದು 200 ಮಿಮೀ ಅಂದುಕೊಳ್ಳಿ. ಸ್ಕ್ರೀನನ್ನು ಲೆನ್ಸ್‌ನಿಂದ 180 ಮಿಮೀ ದೂರದಲ್ಲಿಟ್ಟರೆ ಅಂಕಿ 1.8 ಮೀಟರ್ ಆಚೆ ಇರುವಂತೆ ಕಾಣುತ್ತದೆ. 190ಕ್ಕೆ ಸರಿಸಿದರೆ 3.8 ಮೀಟರ್. ಸರಿಯಾಗಿ 200ಕ್ಕೆ ತಂದರೆ ಅನಂತ ದೂರ, ಅಂದರೆ ಎದುರಿನ ಬೆಟ್ಟ ಎಷ್ಟು ದೂರವೋ ಅಂಕಿಯೂ ಅಷ್ಟೇ ದೂರ ಅನ್ನಿಸುತ್ತದೆ. ಕೊನೆಯ ಒಂದು ಸೆಂಟಿಮೀಟರಿನಲ್ಲೇ ಎಲ್ಲ ನಡೆಯುವುದರಿಂದ ಸ್ಕ್ರೀನನ್ನು ಅಂಟಿಸಿಬಿಡಬೇಡಿ. ರಟ್ಟಿನ ಬಿಲ್ಲೆಯ ಮೇಲೆ ಕೂರಿಸಿ, ಪೈಪಿನೊಳಗೆ ಜಾರಿಸಲು ಬರುವಂತಿರಲಿ.

ಜೋಡಣೆ

ಪೈಪಿನೊಳಗೆ ಕಪ್ಪು ಪೇಪರ್ ಸುತ್ತಿ. ಪೈಪನ್ನು ನೆಟ್ಟಗೆ ನಿಲ್ಲಿಸಿ, ಸ್ಕ್ರೀನ್ ಕೆಳಗೆ ಮೇಲ್ಮುಖವಾಗಿರಲಿ. ಲೆನ್ಸ್ ಪೈಪಿನ ಬಾಯಿಯ ಮೇಲೆ ಕೂರುತ್ತದೆ, ಕಪ್ಲರ್ ಅದನ್ನು ಅಲುಗದಂತೆ ಹಿಡಿಯುತ್ತದೆ. ಅದರ ಮೇಲೆ ಅಕ್ರಿಲಿಕ್ ಹಾಳೆಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಓರೆಯಲ್ಲಿ 75 ಮಿಮೀ ಲೆನ್ಸ್ ಪೂರ್ತಿ ಕಾಣಬೇಕಾದರೆ ಹಾಳೆ 106 ಮಿಮೀ ಆದರೂ ಉದ್ದ ಬೇಕು, 12 ಸೆಂಟಿಮೀಟರ್ ಕತ್ತರಿಸಿಕೊಳ್ಳಿ.

ವೈರಿಂಗ್ ಸುಲಭ. ಸ್ಕ್ರೀನಿನ ವಿಸಿಸಿ ಪಿನ್ ನ್ಯಾನೊದ ವಿದ್ಯುತ್ ಪಿನ್ನಿಗೆ, ಗ್ರೌಂಡ್ ಗ್ರೌಂಡಿಗೆ, ಮಾಹಿತಿ ಸಾಗಿಸುವ ಎಸ್‌ಡಿಎ ಎ4ಗೆ, ಎಸ್‌ಸಿಎಲ್ ಎ5ಗೆ. ಒಂದು ಪ್ರತಿಫಲನ ಆಗುವುದರಿಂದ ಅಂಕಿ ಕನ್ನಡಿಯಲ್ಲಿದ್ದಂತೆ ಎಡಬಲ ಉಲ್ಟಾ ಕಾಣುತ್ತದೆ, ಆದ್ದರಿಂದ ಪ್ರೋಗ್ರಾಮಿನಲ್ಲೇ ಮಿರರ್ ಮಾಡಬೇಕು. ಇಂಥ ಸ್ಕ್ರೀನ್‌ಗಳಿಗೆಂದೇ ಇರುವ ಯು8ಜಿ2 ಎಂಬ ಸಿದ್ಧ ಕೋಡ್ ಲೈಬ್ರರಿಯಲ್ಲಿ ಇದಕ್ಕೆ ಸೆಟ್ಟಿಂಗ್ ಇದೆ. ಪರೀಕ್ಷೆಗೆ 7 ಅಂಕಿ ಹಾಕಿ, 8 ಅಥವಾ 0 ಹಾಕಿದರೆ ಉಲ್ಟಾ ಆದದ್ದು ಗೊತ್ತೇ ಆಗುವುದಿಲ್ಲ. ತಲೆಕೆಳಗಾಗಿ ಕಂಡರೆ ಬಿಲ್ಲೆಯನ್ನು ಅರ್ಧ ಸುತ್ತು ತಿರುಗಿಸಿ, ಆಯ್ತು.

ಸರಿಯಾಗಿದೆಯಾ ನೋಡುವುದು ಹೇಗೆ?

ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಸಂಜೆ ಹೊತ್ತು ಕಿಟಕಿಯ ಹತ್ತಿರ ಪೈಪನ್ನಿಟ್ಟು, ಒಂದು ಕಣ್ಣು ಮುಚ್ಚಿ, ಅಕ್ರಿಲಿಕ್ ಮೂಲಕ ದೂರದ ನೀರಿನ ಟ್ಯಾಂಕನ್ನು ನೋಡಿ. ಅಂಕಿ ಅದರ ಮೇಲೆ ಕೂತಿರಲಿ. ಈಗ ತಲೆಯನ್ನು ಸ್ವಲ್ಪ ಆಚೀಚೆ ಅಲ್ಲಾಡಿಸಿ. ಹತ್ತಿರದ ಕಿಟಕಿ ಸರಳು ಸರಿದಾಡುತ್ತದೆ, ಅಂಕಿ ಟ್ಯಾಂಕಿಗೇ ಅಂಟಿಕೊಂಡಿರುತ್ತದೆ. ಜಾರುತ್ತಿದ್ದರೆ ಸ್ಕ್ರೀನನ್ನು ಒಂದೊಂದೇ ಮಿಲಿಮೀಟರ್ ಸರಿಸುತ್ತಾ ಹೋಗಿ.

ಇನ್ನೊಂದು ಲಾಭವಿದೆ. ಅಕ್ರಿಲಿಕ್‌ನ ಎರಡೂ ಮೈ ಪ್ರತಿಫಲಿಸುವುದರಿಂದ ಬರೀ ಮೊಬೈಲ್ ಇಟ್ಟಾಗ ಅಂಕಿ ಎರಡೆರಡಾಗಿ ಕಾಣುತ್ತದೆ. ಲೆನ್ಸ್‌ನಿಂದ ಕಿರಣಗಳು ಸಮಾನಾಂತರವಾಗಿ ಬಂದರೆ ಎರಡು ಪ್ರತಿಫಲನವೂ ಒಂದೇ ದಿಕ್ಕಿಗೆ ಹೋಗುತ್ತವೆ, ಕಣ್ಣಿಗೆ ಒಂದೇ ಅಂಕಿ.

ಕೊರತೆಗಳೂ ಇವೆ. ನಮ್ಮ ಎರಡು ಕಣ್ಣಿನ ನಡುವೆಯೇ 6 ಸೆಂಟಿಮೀಟರಿಗಿಂತ ಜಾಸ್ತಿ ಅಂತರ ಇರುವುದರಿಂದ ಈ ಅಳತೆಯ ಲೆನ್ಸ್‌ನಲ್ಲಿ ನಡುವಿನ ಅಂಕಿ ಮಾತ್ರ ಎರಡೂ ಕಣ್ಣಿಗೆ ಒಟ್ಟಿಗೆ ಸಿಗುತ್ತದೆ. ಲೆನ್ಸ್ ಅಗಲವಾದಷ್ಟೂ ಒಳ್ಳೆಯದು. ಸ್ಕ್ರೀನಿನ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಕಣ್ಣಿಗೆ ಬರುತ್ತದೆ, ಮಧ್ಯಾಹ್ನದ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ.

ಬಿಸಿಲಿನ ಮಾತು ಬಂದಿದ್ದರಿಂದ ಇದನ್ನು ದಯವಿಟ್ಟು ಗಮನಿಸಿ. ಭೂತಗನ್ನಡಿಯಲ್ಲಿ ಕಾಗದ ಸುಟ್ಟಿದ್ದು ನೆನಪಿದೆ ಅಲ್ವಾ? ಇಲ್ಲಿ ಸ್ಕ್ರೀನ್ ಇರುವುದು ಬಿಸಿಲು ಒಟ್ಟುಗೂಡುವ ಜಾಗದಲ್ಲೇ. ಬಿಸಿಲಿನಲ್ಲಿ ಸುಮ್ನೆ ಬಿಟ್ಟು ಹೋದರೆ ಸ್ಕ್ರೀನ್ ಸುಡುತ್ತದೆ, ರಟ್ಟಿಗೆ ಬೆಂಕಿಯೂ ಹತ್ತಬಹುದು. ಬಳಸದಿದ್ದಾಗ ಲೆನ್ಸ್‌ಗೆ ಮುಚ್ಚಳ ಇರಲೇಬೇಕು.

ಇದನ್ನು ಓಡುವ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಪೈಪು ನೇರ ಮುಖಕ್ಕೆ ಬರುತ್ತದೆ, ರಸ್ತೆಯೂ ಮರೆಯಾಗುತ್ತದೆ. ಮೇಜಿನ ಮೇಲೆ ಗಡಿಯಾರ, ತಾಪಮಾನ ತೋರಿಸಿ. ವೇಗವನ್ನೇ ನೋಡಬೇಕು ಅಂದರೆ ನಿಯೊ-6ಎಂ ಜಿಪಿಎಸ್ ಮಾಡ್ಯೂಲ್ ಜೋಡಿಸಿ, ಬೇರೆಯವರು ಓಡಿಸುವಾಗ ಹಿಂದಿನ ಸೀಟಿನಲ್ಲಿ ಕೂತು ಪ್ರಯೋಗ ಮಾಡಿ. ಅದು ಕಳಿಸುವ ಮಾಹಿತಿಯಲ್ಲಿ ಆರ್‌ಎಂಸಿ ಎಂಬ ಸಾಲಿನಲ್ಲಿ ವೇಗ ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ಲೆಕ್ಕದಲ್ಲಿರುತ್ತದೆ, 1.852ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ.