ಇಳಿಸಿದ ಪೋಲೋಗೆ 16 ಇಂಚಿನ ಚಕ್ರವೇ ಸಾಕು

ನನ್ನ ಪೋಲೋ ಕಾರು ಕಂಪನಿ ಕೊಟ್ಟ ಎತ್ತರಕ್ಕಿಂತ 40 ಮಿಮೀ ಇಳಿದಿದೆ. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಲಗೇಜು ತುಂಬಿ ಬೆಂಗಳೂರಿನ ನೈಸ್ ರಸ್ತೆಯಲ್ಲಿ ಓಡಿಸಿದರೂ ಟೈರ್ ಎಲ್ಲೂ ಉಜ್ಜಲ್ಲ. "ಫೆಂಡರ್ ರೋಲ್ ಮಾಡಿಸದೆ ಆಗಲ್ಲ ಗುರು" (ಅಂದರೆ ಚಕ್ರದ ಮೇಲಿನ ಬಾಡಿ ಅಂಚನ್ನು ಒಳಗೆ ಮಡಿಸುವುದು) ಅಂದವರೇ ಈಗ ಚಕ್ರದ ಸೈಜು ಕೇಳುತ್ತಿದ್ದಾರೆ.

ಮೊದಲು ಹಾಕಿಸಿದ್ದು 17 ಇಂಚು, 7.5ಜೆ (ರಿಮ್ ಅಗಲ 7.5 ಇಂಚು), ಆಫ್‌ಸೆಟ್ 35 (ರಿಮ್ ನಡುಗೆರೆಯಿಂದ ಕಾರಿಗೆ ಕೂರುವ ಮುಖಕ್ಕೆ ಇರುವ ದೂರ, ಮಿಮೀನಲ್ಲಿ; ಕಮ್ಮಿ ಆದಷ್ಟೂ ಚಕ್ರ ಹೊರಗೆ), ಟೈರ್ 215/40 (ಅಗಲ 215 ಮಿಮೀ, ಪಕ್ಕದ ಎತ್ತರ ಅದರ ಶೇ. 40). "ಕಣ್ಣು ಮುಚ್ಚಿ ಹಾಕಿಸಿ ಸಾರ್" ಅಂದಿದ್ದರು ಅಂಗಡಿಯವರು. ಟೈರಿನ ಒಟ್ಟು ಎತ್ತರದ ಲೆಕ್ಕ ಸರಿಯಾಗೇ ಇತ್ತು. ಕಂಪನಿಯ 185/60 ಆರ್15 ಸುಮಾರು 603 ಮಿಮೀ, ಇದು 604. ಆದರೆ ಒರಿಜಿನಲ್ ರಿಮ್ 6ಜೆ, ಆಫ್‌ಸೆಟ್ 40. ಅದಕ್ಕಿಂತ ಇದು 24 ಮಿಮೀ ಹೊರಗೆ ಚಾಚಿತು. ಹಿಂದೆ ಇಬ್ಬರು ಕೂತರೆ ಸಾಕು, ಫೆಂಡರ್ ಅಂಚು ಟೈರನ್ನು ಕೆರೆಯುತ್ತಿತ್ತು. ಸೈಡ್‌ವಾಲ್ (ಟೈರಿನ ಪಕ್ಕದ ಎತ್ತರ) ಬೇರೆ 111ರಿಂದ 86 ಮಿಮೀಗೆ ಇಳಿದಿತ್ತು. ಹೊಸೂರು ರಸ್ತೆಯಲ್ಲಿ ಮಳೆನೀರು ತುಂಬಿದ ಒಂದು ಗುಂಡಿ, ಒಂದೇ ಏಟು. ರಿಮ್ ಬೆಂಡು, ಟೈರ್ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಬುಗುಟು. ರಿಮ್ ರಿಪೇರಿಗೆ ಎರಡೂವರೆ ಸಾವಿರ, ಟೈರಿಗೆ ಏಳೆಂಟು ಸಾವಿರ. ಸೆಟ್ಟಿಗೆ ಲಕ್ಷದ ಹತ್ತಿರ ಸುರಿದಿದ್ದೆ. ಮಾರಿದಾಗ ಐವತ್ತರ ಮೇಲೆ ಸ್ವಲ್ಪ ಸಿಕ್ಕಿತು.

ನಡುವೆ ಗೆಳೆಯನ 205/45 ಆರ್16 ಸೆಟ್ ತಂದು ಹಾಕಿ ನೋಡಿದೆ. ಎತ್ತರ 591. ಕಾರು 6 ಮಿಮೀ ಪುಕ್ಕಟೆ ಇಳಿಯಿತು, ರಸ್ತೆ ಹಂಪ್‌ಗೆ ಕಾರಿನ ಹೊಟ್ಟೆ ತಾಗುವುದು ಜಾಸ್ತಿ ಆಯಿತು. ಫೆಂಡರ್ ಕೆಳಗಿನ ಗ್ಯಾಪ್ ಮಾತ್ರ ಕಮ್ಮಿ ಆಗಲಿಲ್ಲ, 6 ಮಿಮೀ ಹೆಚ್ಚೇ ಆಯಿತು! ಟೈರ್ ಚಿಕ್ಕದಾದರೆ ಇನ್ನೇನಾಗುತ್ತೆ, ಅಲ್ವಾ?

ಆಮೇಲೆ ನಾನು ಹಿಡಿದ ದಾರಿ ನೋಡಿ ಮೆಕ್ಯಾನಿಕ್ ಅಣ್ಣ ತಲೆ ಚಚ್ಚಿಕೊಂಡರು. ಸ್ಪ್ರಿಂಗ್ ಪೂರ್ತಿ ಬಿಚ್ಚಿಸಿದೆ. ಬರೀ ಸ್ಟ್ರಟ್ (ಸ್ಪ್ರಿಂಗ್ ಕೂರುವ ಮುಂದಿನ ಶಾಕ್ ಕಂಬ) ವಾಪಸ್ ಹಾಕಿ, ಚಕ್ರ ಕೂರಿಸಿ, ಲೋಯರ್ ಆರ್ಮ್ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು) ಕೆಳಗೆ ಜಾಕ್ ಕೊಟ್ಟು ಬಂಪ್‌ಸ್ಟಾಪ್ (ಚಕ್ರ ಇನ್ನೂ ಮೇಲೆ ಹೋಗದಂತೆ ತಡೆಯುವ ಮೆತ್ತೆ) ಪೂರ್ತಿ ಒತ್ತುವವರೆಗೆ ಎತ್ತಿದೆ. ಆ ಸ್ಥಿತಿಯಲ್ಲೇ ಸ್ಟಿಯರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ. ಲೈನರಿಗೂ (ಫೆಂಡರ್ ಒಳಗಿನ ಪ್ಲಾಸ್ಟಿಕ್ ಹೊದಿಕೆ) ಸ್ಟ್ರಟ್‌ಗೂ ಮಕ್ಕಳು ಆಡುವ ಜೇಡಿಮಣ್ಣಿನ ಉಂಡೆ ಅಂಟಿಸಿದ್ದೆ. ಅದು ಎಷ್ಟು ದಪ್ಪ ಉಳಿಯಿತೋ ಅಷ್ಟೇ ನಿಮ್ಮ ಜಾಗ. ಹಿಂದಿನ ಚಕ್ರದ ಕೆಲಸ ಸುಲಭ, ಪೋಲೋದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಎರಡೂ ಕಡೆ ಒಟ್ಟಿಗೆ ಎತ್ತಿ ನೋಡಿದ್ದು ಸಾಲದು, ಒಂದೇ ಕಡೆಯೂ ಎತ್ತಬೇಕು. ಅರ್ಧ ಹಂಪ್ ಹತ್ತಿದಾಗ ಆಗುವುದು ಅದೇ. ಇಡೀ ದಿನದ ಕೂಲಿ ಒಂದೂವರೆ ಸಾವಿರ ಕೊಟ್ಟ ನೆನಪು. ಇಷ್ಟು ಒಳ್ಳೆ ಖರ್ಚು ಈ ಕಾರಿಗೆ ನಾನು ಇನ್ನೊಂದು ಮಾಡಿಲ್ಲ.

ಆ ಅಳತೆಗೆ ಸರಿಯಾಗಿ ಸಿಕ್ಕಿದ್ದು 16 ಇಂಚು, 7ಜೆ, ಆಫ್‌ಸೆಟ್ 38, ಟೈರ್ 195/50. ಎತ್ತರ 601. ಒರಿಜಿನಲ್ ರಿಮ್‌ಗಿಂತ ಒಳಗೆ 11 ಮಿಮೀ, ಹೊರಗೆ 15 ಮಿಮೀ ಹೋಗುತ್ತೆ. ಸ್ಟ್ರಟ್ ಕಡೆ ಉಳಿದದ್ದು ಐದಾರು ಮಿಮೀ, ಸಾಕು. ಸೈಡ್‌ವಾಲ್ 97ರ ಮೇಲೆ. ಲೋಡ್ ಇಂಡೆಕ್ಸ್ 84 ಇದೆಯಾ ನೋಡಿಕೊಳ್ಳಿ, ಅಂದರೆ ಟೈರಿಗೆ 500 ಕೆಜಿ. ಈ ಸೈಜು ಎಲ್ಲ ಅಂಗಡಿಯಲ್ಲೂ ಇರಲ್ಲ, ನಾನು ಜೆ.ಸಿ. ರಸ್ತೆ ಪೂರ್ತಿ ಅಲೆದೆ. ಅಲಾಯ್, ಟೈರ್ ಎಲ್ಲ ಸೇರಿ ಎಪ್ಪತ್ತರ ಆಸುಪಾಸು.

ಹಾಕಿಸಿದ ಮೇಲೆ 90ರಲ್ಲಿ ಸ್ಟಿಯರಿಂಗ್ ನಡುಕ. ಬ್ಯಾಲೆನ್ಸಿಂಗ್ ಮೇಲೆ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಅಲಾಯ್ ನಡುವಿನ ತೂತು 73.1 ಮಿಮೀ, ಅದು ಕೂರುವ ಕಾರಿನ ಹಬ್ 57.1. ಆ ಸಂದು ತುಂಬುವ ರಿಂಗ್ ಹಾಕೇ ಇರಲಿಲ್ಲ. ಸಾಲದ್ದಕ್ಕೆ ಕಂಪನಿಯ ಗುಂಡು ತಲೆಯ ಬೋಲ್ಟನ್ನೇ ಕೋನ್ ಸೀಟಿನ (ಶಂಕುವಿನಾಕಾರದ ಬೋಲ್ಟ್ ಕೂರುವ) ಅಲಾಯ್‌ಗೆ ಬಿಗಿದಿದ್ದರು. ಇದು ಬರೀ ನಡುಕದ ವಿಷಯ ಅಲ್ಲ, ಬೋಲ್ಟ್ ಸಡಿಲವಾಗಿ ಚಕ್ರವೇ ಕಳಚಬಹುದು. ರಿಂಗು, 20 ಕೋನ್ ಬೋಲ್ಟು ಸೇರಿ ಎರಡು ಸಾವಿರ ಚಿಲ್ಲರೆ. ನಡುಕ ನಿಂತಿತು.

ಸುಮ್ನೆ ಇರಲಾರದೆ ಹಿಂದಿನ ಚಕ್ರಗಳಿಗೆ 5 ಮಿಮೀ ಸ್ಪೇಸರ್ (ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆ) ಹಾಕಿದೆ. ನಿಂತಾಗ ನೋಡಲು ಸಖತ್. ಜನ ತುಂಬಿದರೆ ಮತ್ತೆ ಕೆರೆತ. ತೆಗೆದುಬಿಟ್ಟೆ. ಗಾಳಿ ಮಾತ್ರ 35 ಪಿಎಸ್‌ಐಗೆ ಏರಿಸಿದ್ದೇನೆ. ಸ್ವಲ್ಪ ಕುಕ್ಕುತ್ತೆ, ಆದರೆ ರಿಮ್ ಉಳಿಯುತ್ತೆ.

ಬಂಪ್‌ಸ್ಟಾಪ್ ಎಷ್ಟು ಕತ್ತರಿಸಿದೆ, ಮುಂದಿನ ಚಕ್ರಗಳ ಕ್ಯಾಂಬರ್ (ವಾಲು) ಎಷ್ಟು ಇಟ್ಟಿದ್ದೇನೆ ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಹನ್ನೆರಡು ಸಾವಿರ ಕಿ.ಮೀ. ದಾಟಿದೆ. ಮುಂದಿನ ಟೈರುಗಳ ಒಳ ಅಂಚು ಸ್ವಲ್ಪ ಜಾಸ್ತಿ ಸವೆದಿತ್ತು, ಮೊನ್ನೆ ಹಿಂದಕ್ಕೆ ಹಾಕಿಸಿದೆ.